ಕರ್ಜಿಕಾಯಿ ಆಕಾರದ ಹೃದಯ

ಪರೀಕ್ಷೆಗೆ ತಯಾರಾಗದೆ ಹೋದವಳಲ್ಲ ನಾನು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಬೆಳೆದವಳಿಗೆ ಟೆಸ್ಟ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಅರವತ್ತು ದಾಟಿದ ಮೇಲೆ ಶೆಫೀಲ್ಡಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನರ್ಸ್ ಒಬ್ಬಳು ಸ್ಟಾಪ್‌ವಾಚ್ ಹಿಡಿದು, "ಆರು ನಿಮಿಷ, ಆ ಕೋನ್‌ನಿಂದ ಈ ಕೋನ್‌ವರೆಗೆ, ಎಷ್ಟಾಗ್ತದೋ ಅಷ್ಟು ನಡೀರಿ, ಲವ್" ಎಂದಾಗಲೂ ಹಾಗೇ ಆಯಿತು. ಈ ಊರಲ್ಲಿ ಎಲ್ಲರೂ ಎಲ್ಲರಿಗೂ ಲವ್. ಆ ದಿನ ಸಾಧಾರಣವಾಗಿ ನಡೆದೆ. ಮುಂದಿನ ಸಲ ಜಾಸ್ತಿ ಮಾರ್ಕ್ಸ್ ತೆಗೆಯಲೇಬೇಕೆಂದು ಅಲ್ಲಿಯೇ ತೀರ್ಮಾನಿಸಿದೆ.

ಕಾಯಿಲೆಯ ಹೆಸರು ಉದ್ದ: ಪಲ್ಮನರಿ ಆರ್ಟೀರಿಯಲ್ ಹೈಪರ್‌ಟೆನ್ಷನ್. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿ.ಪಿ. ಅಲ್ಲ ಇದು. ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳು ಬಿಗಿದುಕೊಂಡು ಅಲ್ಲಿ ಒತ್ತಡ ಏರುತ್ತದೆ. ಪಾಪ, ಹೃದಯದ ಬಲಭಾಗ ತಳ್ಳಿ ತಳ್ಳಿ ಸೋಲುತ್ತದೆ. ಎರಡು ವರ್ಷ ನಾನು ಅದನ್ನು ವಯಸ್ಸು ಎಂದುಕೊಂಡಿದ್ದೆ, ನಮ್ಮ ಮನೆಯ ಹಾದಿಯ ಬ್ರೂಮ್‌ಹಿಲ್‌ನ ಏರುರಸ್ತೆ ಎಂದುಕೊಂಡಿದ್ದೆ. ಏರಿನ ನಡುವೆ ಒಂದು ಎಸ್ಟೇಟ್ ಏಜೆಂಟ್ ಅಂಗಡಿ. ದಮ್ಮು ಹತ್ತಿದಾಗ ಅದರ ಕಿಟಕಿಯ ಮುಂದೆ ನಿಂತು, ಮನೆ ಕೊಳ್ಳುವವಳ ಹಾಗೆ ಫೋಟೋಗಳನ್ನು ನೋಡುತ್ತಿದ್ದೆ. ನಾಲ್ಕು ಬೆಡ್‌ರೂಮಿನ ಮನೆಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಮೂವತ್ತು ವರ್ಷ ಇಲ್ಲಿ ಜಿ.ಪಿ. ಡಾಕ್ಟರಾಗಿದ್ದ ನಮ್ಮವರು, "ಸ್ವಲ್ಪ ತೂಕ ಇಳಿಸು, ಸರಿಹೋಗ್ತದೆ" ಎಂದಿದ್ದರು. ಆ ಮಾತನ್ನು ಅವರು ಮರೆಯಲಿಲ್ಲ, ನಾನೂ ಮರೆಯಗೊಡಲಿಲ್ಲ.

ಕೊನೆಗೆ ಮಾತ್ರೆ ಶುರುವಾಯಿತು. ಗಂಡಸರ ಬೇರೊಂದು ತೊಂದರೆಗೆ ಹೆಸರಾದ ಮಾತ್ರೆಯೇ ಈ ನಾಳಗಳನ್ನೂ ಸಡಿಲಿಸುತ್ತದಂತೆ.

"ರೀ, ಫಾರ್ಮಸಿಯಿಂದ ಇದನ್ನ ನೀವೇ ತನ್ನಿ, ನಂಗೆ ನಾಚಿಕೆ."

"ನಾನಾ? ಈ ವಯಸ್ಸಲ್ಲಿ ನಾನು ಹೋಗಿ ಕೇಳಿದ್ರೆ ನಗಲ್ವೇನೇ?"

ನಗು ಅಲ್ಲಿಗೇ ಮುಗಿಯಿತು. ಕ್ಲಿನಿಕ್ಕಿನ ವೇಯ್ಟಿಂಗ್ ರೂಮಿನಲ್ಲಿ ನನ್ನ ಪಕ್ಕ ಕೂತ ಹುಡುಗಿಯೊಬ್ಬಳ ಸೊಂಟಕ್ಕೆ ಚಿಕ್ಕ ಚೀಲವಿತ್ತು. ಅದರಲ್ಲಿದ್ದ ಪಂಪು ಹಗಲೂ ರಾತ್ರಿ ಸಣ್ಣ ನಳಿಕೆಯಲ್ಲಿ ಅವಳ ಎದೆಯೊಳಕ್ಕೆ ಔಷಧಿ ಕಳಿಸುತ್ತಿತ್ತು. ಮಾತ್ರೆ ಸಾಲದಿದ್ದರೆ ಇನ್ನೊಂದು ಮಾತ್ರೆ, ಅದೂ ಸಾಲದಿದ್ದರೆ ಪಂಪ್ ಎಂದು ನಮ್ಮ ಡಾಕ್ಟರಮ್ಮ ಮೊದಲೇ ಹೇಳಿದ್ದರು. ನನಗೆ ಎರಡೂ ಬೇಡವಾಗಿತ್ತು. ಕಾರಣ ಲೀಡ್ಸ್‌ನಲ್ಲಿತ್ತು: ಮಗಳಿಗೆ ಚೊಚ್ಚಲ ಹೆರಿಗೆ. ನನ್ನ ಬಾಣಂತನವನ್ನು ಅಮ್ಮ ಮಾಡಿದ ಹಾಗೆ ಅವಳದನ್ನು ನಾನು ಮಾಡಬೇಕು. ಬಿಸಿನೀರು, ಎಣ್ಣೆ, ಓಮದ ಹೊಗೆ, ಎಲ್ಲ ನನ್ನ ಕೈಯಿಂದಲೇ ಆಗಬೇಕು. ಮುಂದಿನ ಅಪಾಯಿಂಟ್‌ಮೆಂಟ್ ಇದ್ದದ್ದು ಹೆರಿಗೆಗೆ ಒಂದು ತಿಂಗಳ ಮೊದಲು. ಅಂದು ಫೇಲಾದರೆ ನನ್ನನ್ನು ಲೀಡ್ಸ್‌ಗೆ ಕಳಿಸುವುದಿಲ್ಲ ಎಂದು ಮನಸ್ಸು ಹೇಳಿತು.

ಆದ್ದರಿಂದ ಸೂಪರ್‌ಮಾರ್ಕೆಟ್ಟಿನಲ್ಲಿ ಪ್ರಾಕ್ಟೀಸ್ ಶುರು ಮಾಡಿದೆ. ಅಲ್ಲಿ ನೆಲ ಸಮ, ಚಳಿಯಿಲ್ಲ, ಟ್ರಾಲಿಯ ಆಸರೆ ಬೇರೆ. ಅಕ್ಕಿಯ ತುದಿಯಿಂದ ಫ್ರೋಜನ್ ಬಟಾಣಿಯ ತುದಿಯವರೆಗೆ, ಮತ್ತೆ ವಾಪಸ್. ಅಡುಗೆಮನೆಯ ಟೈಮರನ್ನು ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೊಂಡಿರುತ್ತಿದ್ದೆ. ತಿರುಗುವಾಗ ವೇಗ ತಗ್ಗದ ಹಾಗೆ ಕಾಲು ಹೇಗಿಡಬೇಕು, ಎಷ್ಟನೆಯ ನಿಮಿಷಕ್ಕೆ ಉಸಿರು ಉಳಿಸಿಕೊಳ್ಳಬೇಕು, ಎಲ್ಲ ಕಲಿತೆ. ಕೆಲವು ದಿನಗಳ ನಂತರ ಟ್ರಾಲಿಯನ್ನೂ ಬಿಟ್ಟೆ. ಆರು ನಿಮಿಷಕ್ಕೆ ಬ್ಯಾಗು ಕಿರ್ರೆಂದಾಗ ಶೆಲ್ಫ್ ತುಂಬುತ್ತಿದ್ದ ಹೆಂಗಸು, "ಏನ್ ಲವ್, ಇವತ್ತೂ ಸಿಗ್ಲಿಲ್ವಾ ನೀವು ಹುಡುಕ್ತಿರೋದು?" ಎನ್ನುವಳು. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಹಿಡಿದು ಮನೆಗೆ ಬರುತ್ತಿದ್ದೆ.

"ದಿನಾ ಕೊತ್ತಂಬರಿ ಚಟ್ನೀನಾ?" ಎಂದು ನಮ್ಮವರು ಮುಖ ಹಿಂಡುತ್ತಿದ್ದರು.

ಒಂದು ದಿನ ಬಟಾಣಿಯ ತುದಿಯಲ್ಲಿ ಕಣ್ಣು ಕತ್ತಲೆ ಬಂತು. ಫ್ರೀಜರಿನ ಹಿಡಿ ಹಿಡಿದು, ಬಟಾಣಿ ಆರಿಸುವವಳ ಹಾಗೆ ಬಗ್ಗಿ ನಿಂತೆ. ಅದನ್ನು ಯಾರಿಗೂ ಹೇಳಲಿಲ್ಲ.

ಪರೀಕ್ಷೆಯ ದಿನ ಬಂತು. ನರ್ಸ್ ಸ್ಟಾಪ್‌ವಾಚ್ ಒತ್ತಿ ನಿಲ್ಲಿಸಿ, "ಬ್ರಿಲಿಯಂಟ್! ಹೋದ ಸಲಕ್ಕಿಂತ ಎರಡು ಸುತ್ತು ಜಾಸ್ತಿ" ಎಂದಳು. ಪ್ರೈಜ್ ಡೇಯಲ್ಲಿ ಸ್ಟೇಜ್ ಹತ್ತಿದ ಹಾಗಾಯಿತು. ಲೀಡ್ಸ್ ಟಿಕೆಟ್ ಕೈಗೇ ಬಂದಂತೆ.

ಅದೇ ಮಧ್ಯಾಹ್ನ, ಹೋದ ಸಲದಂತೆ, ಹೃದಯದ ಎಂ.ಆರ್.ಐ. ಇತ್ತು. ಬಳೆ, ತಾಳಿ ಎಲ್ಲ ಬಿಚ್ಚಿ ನಮ್ಮವರ ಅಂಗೈಗೆ ಹಾಕಿದೆ. ಎದೆಯ ಮೇಲೆ ಕವಚದಂಥ ಹಲಗೆ, ಕಿವಿಗೆ ಹೆಡ್‌ಫೋನ್. ಹಾಸಿಗೆ ಮೆಲ್ಲಗೆ ಕೊಳವೆಯೊಳಕ್ಕೆ ಸರಿಯಿತು. ಒಳಗೆ ಯಾರೋ ತಗಡು ಬಡಿಯುವಂಥ ಸದ್ದು. ನಡುನಡುವೆ ಕಿವಿಯಲ್ಲಿ ಒಂದು ಗಂಡುದನಿ: "ಬ್ರೀದ್ ಇನ್. ಬ್ರೀದ್ ಔಟ್. ಹೋಲ್ಡ್ ಇಟ್." ಉಸಿರು ಬಿಟ್ಟು ಹಿಡಿಯಬೇಕು, ಒಳಗೇನೂ ಇಲ್ಲದೆ ಹಿಡಿಯಬೇಕು. ಆ ದನಿ "ಬ್ರೀದ್ ನಾರ್ಮಲಿ" ಎನ್ನುವವರೆಗೆ ಕಾಯುತ್ತಿದ್ದೆ. ನಾನು ಅಲ್ಲಿ ಮಾಡಬೇಕಾದದ್ದು ಅಷ್ಟೇ: ಸುಮ್ಮನೆ ಮಲಗಿರುವುದು. ಇದಕ್ಕೆ ಏನು ಪ್ರಾಕ್ಟೀಸ್ ಮಾಡಬಹುದಿತ್ತು ಎಂದು ಮಲಗಿಯೇ ಯೋಚಿಸಿದೆ. ಏನೂ ಹೊಳೆಯಲಿಲ್ಲ.

ಮರುವಾರ ಡಾಕ್ಟರಮ್ಮ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಬೂದು ಬಣ್ಣದಲ್ಲಿ ನನ್ನ ಹೃದಯ ಮಿಡಿಯುತ್ತಿತ್ತು. ಎಡಗಡೆಯ ಕೋಣೆ ದುಂಡಗಿರಬೇಕಂತೆ, ಬಲಗಡೆಯದು ಅದರ ಪಕ್ಕಕ್ಕೆ ಆತುಕೊಂಡ ಅರ್ಧಚಂದ್ರದ ಹಾಗೆ. ಕರ್ಜಿಕಾಯಿಯ ಹಾಗೆ ಎಂದುಕೊಂಡೆ. ನನ್ನದರಲ್ಲಿ ಬಲಗಡೆಯದೇ ಉಬ್ಬಿ ಲಾಡಿನಂತಾಗಿತ್ತು. ನಡುವಿನ ಗೋಡೆಯನ್ನು ತಳ್ಳಿ ಎಡಗಡೆಯದನ್ನು ಚಪ್ಪಟೆ ಮಾಡಿತ್ತು. ಆರು ತಿಂಗಳ ಹಿಂದಿನ ಚಿತ್ರವನ್ನು ಪಕ್ಕದಲ್ಲೇ ಇಟ್ಟರು. ಆಗ ಇಷ್ಟು ಉಬ್ಬಿರಲಿಲ್ಲ.

"ನಡಿಗೆ ನೋಡಿದ್ರೆ ನೀವು ಸುಧಾರಿಸಿದ್ದೀರಿ," ಎಂದರು. "ಚಿತ್ರ ನೋಡಿದ್ರೆ ಇಲ್ಲ. ನಂಗೆ ಅರ್ಥ ಆಗ್ತಿಲ್ಲ."

ನನಗೆ ಅರ್ಥವಾಗಿತ್ತು. ಸ್ವಲ್ಪ ಹೊತ್ತು ಸೀರೆಯ ಸೆರಗು ಸರಿಮಾಡಿಕೊಂಡೆ.

"ಐ ಪ್ರಾಕ್ಟೀಸ್ಡ್," ಎಂದೆ.

"ಪ್ರಾಕ್ಟೀಸಾ? ಎಲ್ಲಿ?" ನಮ್ಮವರು ಕುರ್ಚಿಯಲ್ಲೇ ನನ್ನ ಕಡೆ ತಿರುಗಿದರು.

"ಸೂಪರ್‌ಮಾರ್ಕೆಟ್ಟಲ್ಲಿ."

"ಅಯ್ಯೋ, ಆ ಕೊತ್ತಂಬರಿ ಸೊಪ್ಪು!"

ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. ತಲೆಸುತ್ತು ಬಂದಿತ್ತೇ ಎಂದು ಕೇಳಿದರು. ಬಟಾಣಿಯ ಫ್ರೀಜರಿನ ವಿಷಯ ಹೇಳಿದೆ. ನಮ್ಮವರು ನನ್ನ ಹ್ಯಾಂಡ್‌ಬ್ಯಾಗನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕೂತರು.

ಎರಡನೆಯ ಮಾತ್ರೆ ಬಂತು, ಅದರ ಹಿಂದೆ ತಿಂಗಳಿಗೊಂದು ಬ್ಲಡ್ ಟೆಸ್ಟ್. ಲೀಡ್ಸ್‌ಗೆ ಹೋಗಬಹುದು, ಆದರೆ ಮೆಟ್ಟಿಲು ಹತ್ತುವಂತಿಲ್ಲ, ಭಾರ ಎತ್ತುವಂತಿಲ್ಲ. ಮಗಳಿಗೆ ಫೋನ್ ಮಾಡಿದೆ.

"ಅಮ್ಮಾ, ಯು ಚೀಟೆಡ್? ಯೂ?"

"ಚೀಟ್ ಅಲ್ಲ ಕಣೇ, ಪ್ರಾಕ್ಟೀಸ್."

"ಸೇಮ್ ಥಿಂಗ್! ಐ ನೀಡ್ ಯು, ಅಮ್ಮ. ಐ ಡೋಂಟ್ ನೀಡ್ ದಿ ಹಾಟ್ ವಾಟರ್."

ಹೆರಿಗೆಯಾದ ಮೇಲೆ, ಹಾಗೆ ಅಂದವಳಿಗೇ ಬಿಸಿನೀರೂ ಸಿಕ್ಕಿತು. ಓಮ ಹುರಿದವರು, ನೀರು ಹೊತ್ತವರು ನಮ್ಮವರು. ನಾನು ಸೋಫಾದಲ್ಲಿ ಕೂತು ಆಜ್ಞೆ ಮಾಡಿದೆ. "ಇಷ್ಟು ವರ್ಷ ಪೇಷೆಂಟುಗಳಿಗೂ ಇಷ್ಟು ಹೆದರಿರಲಿಲ್ಲ ನಾನು" ಎನ್ನುತ್ತಿದ್ದರು. ಒಂದು ಕೆಲಸ ಮಾತ್ರ ನಾನು ಬಿಟ್ಟುಕೊಡಲಿಲ್ಲ. ದಿನಾ ಕೆಳಗಿನ ಬಾತ್‌ರೂಮಿನ ನೆಲದ ಮೇಲೆ ಟವೆಲ್ ಹಾಸಿ, ಕಾಲು ಚಾಚಿ ಕೂರುತ್ತಿದ್ದೆ. ಮಗುವನ್ನು ನಮ್ಮವರು ನನ್ನ ಕಾಲ ಮೇಲೆ ಮಲಗಿಸುವರು; ನಾನು ಎಣ್ಣೆ ತಿಕ್ಕುವೆ, ಅವರು ಚೊಂಬಿನಲ್ಲಿ ನೀರು ಹುಯ್ಯುವರು. ಮುಗಿದ ಮೇಲೆ ಮಗುವನ್ನು ಅಳಿಯ ಎತ್ತಿಕೊಳ್ಳುವನು, ನನ್ನನ್ನು ನಮ್ಮವರು.

ಆರು ತಿಂಗಳಿಗೆ ಮತ್ತೆ ಪರೀಕ್ಷೆ. ಈ ಸಲ ಓದದೆ ಹೋದೆ. ನಾಲ್ಕನೆಯ ನಿಮಿಷದಲ್ಲಿ ಉಸಿರು ಸಿಗದೆ, ನರ್ಸ್ ತೋರಿಸಿದ ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡೆ. ಹೋದ ಸಲಕ್ಕಿಂತ ಒಂದು ಸುತ್ತು ಕಡಿಮೆ. ಆದರೆ ಚಿತ್ರದಲ್ಲಿ ಆ ಗೋಡೆ ಸ್ವಲ್ಪ ಹಿಂದಕ್ಕೆ ಸರಿದಿತ್ತು, ಎಡಗಡೆಯ ಕೋಣೆ ಮತ್ತೆ ದುಂಡಗಾಗತೊಡಗಿತ್ತು. ಪಂಪಿನ ಮಾತು ಸದ್ಯಕ್ಕೆ ಇಲ್ಲ ಎಂದರು ಡಾಕ್ಟರಮ್ಮ.

ಆ ಸಂಜೆ ಬ್ರೂಮ್‌ಹಿಲ್‌ನ ಏರು ಹತ್ತುವಾಗ ಎಸ್ಟೇಟ್ ಏಜೆಂಟರ ಅಂಗಡಿಯ ಹತ್ತಿರ ಎಂದಿನಂತೆ ದಮ್ಮು ಬಂತು. ಕಿಟಕಿಯ ಕಡೆ ನೋಡಲಿಲ್ಲ. ಪಕ್ಕದ ಗಿಡ್ಡ ಗೋಡೆಯ ಮೇಲೆ ಕೂತೆ. ಪುಸ್ತಕ ಅವಚಿಕೊಂಡು ಹೋಗುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ನಿಂತಳು.

"ಆಲ್ ರೈಟ್, ಲವ್?"

"ಉಸಿರು ಸಾಲ್ತಿಲ್ಲ," ಎಂದೆ ಅವಳಿಗೆ ಇಂಗ್ಲಿಷಿನಲ್ಲಿ. "ಸ್ವಲ್ಪ ಕೂತಿರ್ತೀನಿ."