ಕೂತು ಗೆದ್ದ ಸುರುಸುರುಬತ್ತಿ

ಆ ಮನೆಯಲ್ಲಿ ಕುರ್ಚಿಗಳು ಇದ್ದದ್ದು ನೆಂಟರಿಗಾಗಿ. ಅತ್ತೆ ಅಂಚೆ ಬಟವಾಡೆ ಮಾಡಿ ನಿವೃತ್ತರಾದವರು. ಮಗ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿ ಬರುವವನು. ಇಬ್ಬರಿಗೂ ನಡಿಗೆಯೆಂದರೆ ಉಸಿರಾಟದ ಹಾಗೆ, ಮಾಡುತ್ತಿದ್ದೇವೆಂಬ ನೆನಪೇ ಇರುವುದಿಲ್ಲ. ಅತ್ತೆ ಫೋನಿನಲ್ಲಿ ಮಾತಾಡುವಾಗಲೂ ಅಡುಗೆಮನೆಯಿಂದ ಹೊಸ್ತಿಲವರೆಗೆ ಶತಪಥ ಹಾಕುತ್ತಲೇ ಇರುತ್ತಾರೆ. ಇಂಥ ಮನೆಗೆ ಸೊಸೆಯಾಗಿ ಬಂದವಳು ಬೇಕರಿಯಲ್ಲಿ ಓವನ್ ನೋಡಿಕೊಳ್ಳುವವಳು.

ಬೇಕರಿಯಲ್ಲಿ ಅವಳನ್ನು ಮೀರಿಸುವವರಿಲ್ಲ. ಓವನ್ನಿನ ಗಂಟೆ ಹೊಡೆದದ್ದೇ ತಡ, ಅಂಗಡಿಯ ಮುಂಭಾಗದಲ್ಲಿದ್ದವಳು ಕಣ್ಣುಮಿಟುಕಿಸುವಷ್ಟರಲ್ಲಿ ಒಳಗಿರುತ್ತಾಳೆ. ಬನ್ನಿನ ತಟ್ಟೆಗಳು ಒಂದರ ಹಿಂದೊಂದು ಹಲಗೆಗೆ ಏರುತ್ತವೆ. ಆಮೇಲೆ ಬೋರಲು ಹಾಕಿದ ಕ್ರೇಟಿನ ಮೇಲೆ ಕೂತರೆ ಮುಂದಿನ ಗಂಟೆಯವರೆಗೆ ಏಳುವುದಿಲ್ಲ. ಮಾಲೀಕ ಇಡೀ ಸಂಗತಿಯನ್ನು ಕೆಲಸ ಎನ್ನುತ್ತಿದ್ದ. ಅತ್ತೆ ಅಂಗಡಿಗೆ ಬಂದಾಗಲೆಲ್ಲ ಅವರ ಕಣ್ಣಿಗೆ ಬಿದ್ದದ್ದು ಕ್ರೇಟಿನ ಭಾಗ ಮಾತ್ರ.

ಮದುವೆಯಾದ ಹೊಸತರಲ್ಲಿ ಅತ್ತೆ ಸೊಸೆ ತರಕಾರಿಗೆಂದು ನಡೆದು ಹೊರಟಿದ್ದರು. ಮೊದಲ ತಿರುವಿನವರೆಗೆ ಅತ್ತೆಯೇ ಹಿಂದೆ. ಎರಡನೆಯ ತಿರುವಿನಲ್ಲಿ ನೋಡಿದರೆ ಸೊಸೆ ನಾಪತ್ತೆ. ಚಪ್ಪಲಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಖಾಲಿ ಚೀಲದಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ಸುರುಸುರುಬತ್ತಿ ಕಣೇ ನೀನು," ಅಂದರು ಅತ್ತೆ. "ಹೊತ್ತಿಕೊಳ್ಳೋದೂ ಬೇಗ, ಆರೋದೂ ಬೇಗ."

ಹೆಸರು ಅಂಟಿತು. ಹೆಸರಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಬಸ್ಸಿನ ಮಾತು. ನಾಲ್ಕೇ ಸ್ಟಾಪು ಆಚೆಯಿದ್ದ ಬೇಕರಿಗೆ ಅವಳು ಬಸ್ಸಿನಲ್ಲಿ ಹೋಗುತ್ತಿದ್ದಳು. ದಿನಾ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವಾಗ ಅತ್ತೆ ಗೋಡೆಗೆ ಹೇಳುವಂತೆ ಹೇಳುತ್ತಿದ್ದರು: "ಟಪಾಲು ಚೀಲ ಹೊತ್ಕೊಂಡು ಆ ದಾರೀನ ನಾನು ದಿನಕ್ಕೆರಡು ಸಲ ಅಳೀತಿದ್ದೆ. ಈಗಿನವರಿಗೆ ಬಸ್ಸು ಬೇಕಂತೆ. ಮೈಗಳ್ಳತನಕ್ಕೂ ಟಿಕೆಟ್ಟು!"

ವರ್ತಕರ ಸಂಘದ ಕ್ರೀಡಾದಿನಕ್ಕೆ ಬೇಕರಿ ಮಾಲೀಕ ಅವಳನ್ನು ನೂರು ಮೀಟರ್ ಓಟಕ್ಕೆ ಸೇರಿಸಿದ. ಸುದ್ದಿ ಕೇಳಿ ಅತ್ತೆ ನಡೆಯುತ್ತಿದ್ದವರು ನಿಂತೇಬಿಟ್ಟರು.

"ಓಟಾನಾ? ಇವಳಾ?"

ಸೊಸೆಗೆ ರೇಗಿತು. "ಗೆದ್ರೆ ಇನ್ನು ಬಸ್ಸಿನ ಮಾತು ಎತ್ತಬಾರದು ಅತ್ತೆ."

"ಸೋತ್ರೆ?"

"ನಡ್ಕೊಂಡೇ ಹೋಗ್ತೀನಿ. ಇರೋವರೆಗೂ."

ಗಂಡ ಗಾಬರಿಯಾಗಿ ನೆಂಟರ ಕುರ್ಚಿಯಲ್ಲಿ ಕೂತುಬಿಟ್ಟ.

ಸೊಸೆ ಸೋತರೆ ಪಂತ ಅತ್ತೆಯದು. ಆದರೆ ತಮ್ಮ ಮನೆಯವಳು ನಾಲ್ಕು ಜನರೆದುರು ಮುಗ್ಗರಿಸುವುದು ಅವರಿಗೆ ಜೀರ್ಣವಾಗುವ ಮಾತಲ್ಲ. ಮರುದಿನದಿಂದಲೇ ತರಬೇತಿ ಶುರುವಾಯಿತು. ಅವರಿಗೆ ಗೊತ್ತಿದ್ದ ತರಬೇತಿ ಒಂದೇ: ಬೆಳಕು ಹರಿಯುವ ಮೊದಲೇ ಎಬ್ಬಿಸಿ ಊರು ಸುತ್ತಿಸುವುದು. ಹಳೆಯ ಬಟವಾಡೆಯ ಬೀದಿಗಳನ್ನೆಲ್ಲ ಸುತ್ತಿಸಿದರು. "ಕಾಲು ಗಟ್ಟಿಯಾಗ್ಲಿ, ನಡಿ," ಎನ್ನುತ್ತ ಮುಂದೆ ಅತ್ತೆ. ಕಂಬಕಂಬಕ್ಕೂ ಆತುಕೊಳ್ಳುತ್ತ ಹಿಂದೆ ಸೊಸೆ.

ಕಾಲು ಗಟ್ಟಿಯಾಗಲಿಲ್ಲ, ಕಲ್ಲಾಯಿತು. ಎರಡನೆಯ ವಾರ ಗಂಟೆ ಹೊಡೆದು ನಿಂತರೂ ಅವಳು ಓವನ್ ತಲುಪಲಿಲ್ಲ. ಒಂದು ತಟ್ಟೆ ಬನ್ನು ಇದ್ದಿಲಾಯಿತು. ಮಾಲೀಕ ಬೈಯಲಿಲ್ಲ, ಕರಿ ಬನ್ನನ್ನು ಕೈಯಲ್ಲಿ ತಿರುಗಿಸಿ, "ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳು," ಅಂದ.

ಚೀಲ ಹೊತ್ತು ಹಾಳಾದ ಭುಜಕ್ಕಾಗಿ ಅತ್ತೆ ಫಿಸಿಯೋಥೆರಪಿಯ ಡಾಕ್ಟರಮ್ಮನ ಬಳಿ ಹೋಗುತ್ತಿದ್ದರು. ಆ ಸಲ ಭುಜಕ್ಕಿಂತ ಮೊದಲು ಸೊಸೆಯ ದೂರು ಬಿಚ್ಚಿದರು. ಜೊತೆಗೆ ಬಂದಿದ್ದ ಸೊಸೆ ಬಾಗಿಲ ಬಳಿ ಕೂತಿದ್ದಳು, ಬೇರೇನು ತಾನೇ ಮಾಡಿಯಾಳು.

ಡಾಕ್ಟರಮ್ಮ ನಕ್ಕು ಇಬ್ಬರನ್ನೂ ಗೋಡೆಯ ಬಳಿ ನಿಲ್ಲಿಸಿದರು. "ಹಿಮ್ಮಡಿ ಎತ್ತಿ, ಇಳಿಸಿ. ಸಾಕು ಅನ್ನೋವರೆಗೂ." ಸೊಸೆ ಬೇಗ ಕೈಚೆಲ್ಲಿದಳು. ಡಾಕ್ಟರಮ್ಮನಿಗೆ ಫೋನು ಬಂತು, ಮುಗಿಯಿತು. ಅತ್ತೆ ಇನ್ನೂ ಎತ್ತಿ ಇಳಿಸುತ್ತಲೇ ಇದ್ದರು. "ಈಗ ಇಬ್ಬರೂ ನಿಂತಲ್ಲೇ ಎಗರಿ." ಅತ್ತೆಯ ಪಾದದಡಿ ಒಂದು ಪತ್ರಿಕೆ ತೂರಿಸಬಹುದಿತ್ತು, ಅಷ್ಟೇ. ಸೊಸೆಯ ಕೈ ಗೋಡೆ ಗಡಿಯಾರಕ್ಕೆ ತಗುಲಿ ಅದು ಓರೆಯಾಯಿತು.

"ನೋಡಿ ಅಮ್ಮಾ, ಸ್ನಾಯು ಅಂದ್ರೆ ಎಳೆಗಳ ಕಟ್ಟು," ಡಾಕ್ಟರಮ್ಮ ಗಡಿಯಾರ ಸರಿಮಾಡುತ್ತ ಹೇಳಿದರು. "ಮುಖ್ಯವಾಗಿ ಎರಡು ಜಾತಿ. ಒಂದು ಕೆಂಪಗಿರುತ್ತೆ. ನಿಧಾನ, ಆದ್ರೆ ಉಸಿರಿನ ಗಾಳಿ ಬಳಸ್ಕೊಂಡು ಗಂಟೆಗಟ್ಟಲೆ ದುಡಿಯುತ್ತೆ. ಇನ್ನೊಂದು ಬಿಳಿಚು. ಒಂದೇಟಿಗೆ ಜೋರು, ಬೇಗ ಸುಸ್ತು. ಎಲ್ಲರ ಮೈಯಲ್ಲೂ ಎರಡೂ ಇರುತ್ತೆ, ಯಾವುದು ಹೆಚ್ಚು, ಯಾವುದು ಕಮ್ಮಿ ಅನ್ನೋದು ಬಹುಪಾಲು ಹುಟ್ಟಿನಿಂದಲೇ. ಖಚಿತವಾಗಿ ಹೇಳೋಕೆ ಸೂಜಿ ಹಾಕಿ ಚೂರು ತೆಗೆದು ನೋಡ್ಬೇಕು..."

"ನನಗೆ ಬೇಡ!" ಎಂದಳು ಸೊಸೆ.

"ಬೇಕಾಗಿಲ್ಲ. ಗಡಿಯಾರ ಹೇಳ್ತಲ್ಲ."

ಅತ್ತೆ ಸೊಸೆಯ ಕಾಲಿನತ್ತ ನೋಡಿದರು. "ಹಾಗಾದ್ರೆ ಇವಳದ್ದು ಸೋಮಾರಿತನ ಅಲ್ವಾ?"

"ಅಲ್ಲ. ನೂರು ಮೀಟರಿಗೆ ಊರು ಸುತ್ತಿಸಿದ್ರೆ ಇರೋ ಚುರುಕೂ ಹೋಗುತ್ತೆ. ಚಿಕ್ಕ ಚಿಕ್ಕ ಓಟ ಓಡ್ಲಿ, ಒಂದೊಂದರ ಮಧ್ಯೆ ಪೂರ್ತಿ ಸುಧಾರಿಸ್ಕೊಳ್ಲಿ. ಕೂರಿಸಿ, ಅಮ್ಮಾ. ಚೆನ್ನಾಗಿ ಕೂರಿಸಿ."

ಅತ್ತೆಯ ಬದುಕಿನ ಅತಿ ಕಷ್ಟದ ದಿನಗಳು ಅವು. ಕೂತವರನ್ನು ಕಂಡರಾಗದವರು ಈಗ ಕೂತವಳನ್ನು ಕಾಯಬೇಕಾಯಿತು. ಸಂಜೆ ಶಾಲೆಯ ಮೈದಾನದಲ್ಲಿ ಸೊಸೆ ಒಂದು ಕಂಬದಿಂದ ಇನ್ನೊಂದಕ್ಕೆ ಬಾಣದಂತೆ ಓಡುವಳು. ಏದುಸಿರು ಪೂರಾ ಇಳಿಯುವ ಮೊದಲೇ ಎದ್ದರೆ ಅತ್ತೆಯ ಕೂಗು: "ಕೂತ್ಕೊಳೇ! ಯಾರು ಏಳು ಅಂದ್ರು?" ಮನೆಯಲ್ಲಿ ಮಗ ಹೆಂಡತಿಯ ಬಳಿ ನೀರು ಕೇಳಿದರೆ, "ನಿನಗೆ ಕಾಲಿಲ್ವಾ? ಅವಳು ಕೂತಿದಾಳೆ, ಕಾಣಲ್ವಾ?"

ಓಟದ ದಿನ ಸೊಸೆಯ ಪಕ್ಕ ನಿಂತವಳು ಬಟ್ಟೆ ಅಂಗಡಿಯ ಉದ್ದ ಕಾಲಿನ ಹುಡುಗಿ. ಸೀಟಿ ಊದಿದಾಗ ಸೊಸೆಗೆ ಕೇಳಿಸಿದ್ದು ಓವನ್ನಿನ ಗಂಟೆ. ಅರ್ಧದವರೆಗೆ ಅವಳ ಹತ್ತಿರ ಯಾರೂ ಇರಲಿಲ್ಲ. ಆಮೇಲೆ ತೊಡೆ ಭಾರವಾಗತೊಡಗಿತು, ಬೆನ್ನ ಹಿಂದೆ ಉದ್ದ ಕಾಲಿನ ಸದ್ದು ಹತ್ತಿರವಾಯಿತು. ತಲೆಯೆತ್ತಿದರೆ ಗುರಿಯಲ್ಲಿ ಕಟ್ಟಿದ್ದ ದಾರದ ಆಚೆ ಅತ್ತೆ ನಿಂತಿದ್ದರು. ಸಂಘದ ಅಧ್ಯಕ್ಷರ ಕುರ್ಚಿಯನ್ನೇ ಎತ್ತಿಕೊಂಡು ಬಂದು ಎದುರಿಗಿಟ್ಟು, ಅದರ ಸೀಟನ್ನು ಪಟಪಟ ಬಡಿಯುತ್ತಿದ್ದರು.

"ಬಾರೇ, ಕೂರುವಿಯಂತೆ ಬಾ!"

ಸೊಸೆ ಒಂದು ಭುಜದಷ್ಟು ಮೊದಲು ದಾರ ಮುಟ್ಟಿ, ಓಡಿದ ರಭಸಕ್ಕೆ ಕುರ್ಚಿಯ ಸಮೇತ ಮಗುಚಿ ಬಿದ್ದಳು.

ಮನೆಗೆ ಹೊರಟಾಗ ಅತ್ತೆ ಅಭ್ಯಾಸಬಲದಿಂದ ರಸ್ತೆಗಿಳಿದವರು, ಸೊಸೆಯತ್ತ ಹಿಂತಿರುಗಿ ನೋಡಿ, ಬಸ್ಸಿಗೆ ಕೈ ಅಡ್ಡ ಹಿಡಿದರು. ಬಸ್ಸು ಅರ್ಧ ಖಾಲಿಯಿತ್ತು. ಸೊಸೆ ಕಿಟಕಿಯ ಬಳಿ ಸರಿದಳು. "ಕೂತ್ಕೊಳ್ಳಿ ಅತ್ತೆ."

"ನನಗೇನಾಗಿದೆ? ನೀನು ಕೂತ್ಕೋ." ಕಂಬಿ ಹಿಡಿದು ನಿಂತೇ ಬಂದರು. ಎರಡು ಸ್ಟಾಪು ಕಳೆದ ಮೇಲೆ ಬಗ್ಗಿ ಕಿವಿಯಲ್ಲಿ ಹೇಳಿದರು:

"ಈ ಬಸ್ಸೂ ನಿನ್ನ ಜಾತಿಯದೇ ಕಣೇ. ಒಂದು ಸಲ ಬುರ್ ಅನ್ನುತ್ತೆ, ಆಮೇಲೆ ನಿಂತು ಸುಧಾರಿಸ್ಕೊಳ್ಳುತ್ತೆ."