ಹಸಿರು ಬಳೆಯ ಮೇಲೆ ಗುಮಾನಿ

ಶಿಕಾರಿಪುರದಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಖುರ್ಷೀದ್ ಬೀ ಮನೆಯ ಹಿತ್ತಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಬೋಗುಣಿಯ ಉಗುರುಬೆಚ್ಚಗಿನ ನೀರಿಗೆ ಹೊಸ ಗಾಜಿನ ಬಳೆಗಳನ್ನು ಬಿಡುತ್ತಿದ್ದಾರೆ. ತೊಳೆದು, ಹಳೆ ಬಟ್ಟೆಯಲ್ಲಿ ಒರೆಸಿ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಕೊನೆಗೆ ಮೂಗಿಗೆ ಹಿಡಿದು ಮೂಸಿಯೂ ನೋಡುತ್ತಾರೆ. ಹೊಸ ಮಾಲು ಬಂದಾಗಲೆಲ್ಲ ಅದರಲ್ಲಿ ನಾಲ್ಕು ಬಳೆ ಅವರ ಎಡಗೈಗೆ ಏರಬೇಕು. ಒಂದು ವಾರ ಅದೇ ಕೈಯಲ್ಲಿ ಪಾತ್ರೆ ತಿಕ್ಕಿ, ಬಟ್ಟೆ ಒಗೆದು, ಮಲಗಿ ಎದ್ದು, ಕೈಗೆ ಏನೂ ಆಗಲಿಲ್ಲವೆಂದರೆ ಮಾತ್ರ ಉಳಿದ ಬಳೆಗಳು ಮಾರಾಟಕ್ಕೆ. "ಈ ಎಡಗೈ ನಂದಲ್ಲ ರೀ, ಗಿರಾಕಿದು," ಎನ್ನುತ್ತಾರೆ ಖುರ್ಷೀದ್ ಬೀ, ತಲೆ ಎತ್ತದೆ.

ನನಗೆ ಯಾರನ್ನೂ ಸುಲಭಕ್ಕೆ ನಂಬುವ ಅಭ್ಯಾಸವಿಲ್ಲ. ಇವರು ಎಲೆಮರೆಯ ಕಾಯಿ, ಇವರ ಬಗ್ಗೆ ಬರೆಯಿರಿ ಎಂದು ಯಾರಾದರೂ ಹೇಳಿದರೆ, ಕಾಯಿಗೆ ಹುಳ ಬಿದ್ದಿದೆಯೇ ಎಂದು ಮೊದಲು ತಿರುವಿ ನೋಡುತ್ತೇನೆ. ಖುರ್ಷೀದ್ ಬೀ ವಿಷಯದಲ್ಲಂತೂ ನಾನು ಬಂದದ್ದೇ ಹುಳ ಹುಡುಕಲು. ಬಳ್ಳಿಗಾವಿಯ ಓದುಗರೊಬ್ಬರು ಪತ್ರಿಕೆಗೆ ಫೋನು ಮಾಡಿ, ಶಿಕಾರಿಪುರದ ಬಳೆಗಾರ್ತಿಯೊಬ್ಬಳು ವಿಷದ ಬಣ್ಣದ ಬಳೆ ಮಾರುತ್ತಾಳೆ, ಹಾಕಿಸಿಕೊಂಡವರ ಕೈ ಊದುತ್ತದೆ, ಬರೆಯಿರಿ ಎಂದಿದ್ದರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಆಯಿತೇ ಎಂದು ಕೇಳಿದೆ. ಇಲ್ಲ, ಜನ ಹೇಳಿದ್ದು ಎಂದರು. ಜನ ಹೇಳಿದ್ದನ್ನು ಹೇಳುವವರ ಮೇಲೂ ನನಗೆ ಅನುಮಾನವೇ.

ಖುರ್ಷೀದ್ ಬೀಗೆ ಅರವತ್ತು ದಾಟಿದೆ. ಗಂಡ ಹಫೀಜ್ ಪೇಟೆಯಲ್ಲಿ ಬೀಗ, ಛತ್ರಿ ರಿಪೇರಿ ಮಾಡುತ್ತಾರೆ. ಬಳೆಯ ಕಸುಬು ಅತ್ತೆಯಿಂದ ಬಂದದ್ದು. ಅತ್ತೆ ಬಳೆ ಪೋಣಿಸಿದ ಮಲಾರ ಹೆಗಲಿಗೇರಿಸಿ ನಡೆದ ಊರುಗಳಿಗೆ ಇವರು ಬಸ್ಸಿನಲ್ಲಿ ಹೋಗುತ್ತಾರೆ; ಮಲಾರ ಹೋಗಿ ಬಳೆ ತುಂಬಿದ ರೆಕ್ಸಿನ್ ಚೀಲ ಬಂದಿದೆ, ಅಷ್ಟೇ ವ್ಯತ್ಯಾಸ. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಊರು. ಅಂಬ್ಲಿಗೊಳ ಜಲಾಶಯದ ನೀರು ಹರಿಯುವ ಕಡೆ ಭತ್ತದ ನಾಟಿ ನಡೆಯುವಾಗ ಹೆಂಗಸರ ಬಳೆಗಳು ಕೆಸರಲ್ಲಿ ಒಡೆಯುತ್ತವೆ. ನಾಟಿ ಮುಗಿದ ಮೇಲೆ ಇವರಿಗೆ ಸುಗ್ಗಿ. ಉಳಿದಂತೆ ಫ್ಯಾನ್ಸಿ ಸ್ಟೋರುಗಳು ವ್ಯಾಪಾರ ನುಂಗಿವೆ. ಆದರೂ ಮದುವೆ, ಸೀಮಂತಕ್ಕೆ ಬಳೆ ತೊಡಿಸಲು ಇವರೇ ಬೇಕಿತ್ತು. ಗಟ್ಟಿ ಕೈಯನ್ನು ಮೆತ್ತಗೆ ಮಡಿಸಿ, ನೋವಾಗದಂತೆ ಬಳೆ ದಾಟಿಸುವುದು ಎಲ್ಲರಿಗೂ ಬರುವುದಿಲ್ಲ.

ಗುಮಾನಿ ಹುಟ್ಟಿದ್ದು ಉಡುತಡಿಯಲ್ಲಿ, ಕಳೆದ ವರ್ಷದ ನಾಗರಪಂಚಮಿಗೆ. ಬಸವಣ್ಣೆಮ್ಮ ಎಂಬ ಹಿರಿಯ ರೈತ ಮಹಿಳೆ ತಮ್ಮ ಸೊಸೆ ಗಂಗಾಶ್ರೀಗೆ ಬಳೆ ತೊಡಿಸಲು ಖುರ್ಷೀದ್ ಬೀಯನ್ನು ಕರೆದಿದ್ದರು. ಗಂಗಾಶ್ರೀ ಸೊರಬದ ಕಡೆಯ ಹುಡುಗಿ, ಮಾತು ಕಡಿಮೆ. ಹಸಿರು ಬಳೆ ತೊಟ್ಟು ಎದ್ದವಳು ಅಡುಗೆಮನೆ ಸೇರುವಷ್ಟರಲ್ಲಿ ಮೊಳಕೈವರೆಗೆ ಕೆಂಪು ಗಂಧೆ ಎದ್ದಿತ್ತು. ಬಸವಣ್ಣೆಮ್ಮ ಸೋಪು ಹಚ್ಚಿ ಬಳೆ ಬಿಚ್ಚಿಸಿ, ಅವನ್ನೇ ತಮ್ಮ ಕೈಗೆ ಹಾಕಿಕೊಂಡು ನೋಡಿದರು. ಅವರಿಗೆ ಏನೂ ಆಗಲಿಲ್ಲ. ನನ್ನದು ಬಿಸಿಲು ಕಂಡ ಚರ್ಮ, ವಿಷ ಒಳಗಿಳಿಯಲಿಲ್ಲ ಎಂದು ತೀರ್ಮಾನಿಸಿದರು. ಅನುಮಾನ ಒಮ್ಮೆ ಹತ್ತಿತೆಂದರೆ ಸಾಕ್ಷಿ ಯಾವ ಕಡೆ ಬಿದ್ದರೂ ಅದಕ್ಕೇ ಮೇವು.

ಮಾತು ನೆಂಟರಿಂದ ನೆಂಟರಿಗೆ ಹೋಯಿತು. ಯಾರೋ ಖುರ್ಷೀದ್ ಬೀ ಫೋಟೋ ತೆಗೆದು, ಈಕೆಯ ಬಳೆ ಕೊಳ್ಳಬೇಡಿ ಎಂದು ಬರೆದು ಮೊಬೈಲಿನಲ್ಲಿ ಹರಿಬಿಟ್ಟರು. ಕೆಲವರು ಬಳೆಯ ಬಣ್ಣ ಬಿಟ್ಟು ಬಳೆಗಾರ್ತಿಯ ಹೆಸರಿನ ಕಡೆ ಬೆರಳು ತೋರಿಸತೊಡಗಿದರು. ಬೇಕೆಂದೇ ಏನೋ ಹಚ್ಚಿ ತರುತ್ತಾಳಂತೆ ಎಂಬ ಮಾತೂ ಹುಟ್ಟಿತು. ಅದನ್ನು ಹೇಳುವಾಗ ಮಾತ್ರ ಖುರ್ಷೀದ್ ಬೀ ದನಿ ಇಳಿಯುತ್ತದೆ. "ಹಂಗ ಅಂದೋರ ಅವ್ವನ ಮದುವಿಗೂ ನಮ್ಮತ್ತೇನೇ ಬಳಿ ಹಾಕಿದ್ದು. ಮನಿ ಬಾಗಲಾಗೇ ನಿಲ್ಲಿಸಿ, ಬ್ಯಾಡ ಹೋಗು ಅಂದ್ರು. ಕೂರು ಅನ್ನಲಿಲ್ಲ, ನೀರು ಕೊಡಲಿಲ್ಲ."

ಅನ್ಯಾಯವಾಯಿತು ಎಂದು ಕೂಗಾಡುವ ಹೆಂಗಸು ಇವರಾಗಿದ್ದರೆ ನಾನು ಅಂದೇ ಬಸ್ಸು ಹತ್ತುತ್ತಿದ್ದೆ. ಆದರೆ ಖುರ್ಷೀದ್ ಬೀ ನನಗಿಂತ ದೊಡ್ಡ ಅನುಮಾನದ ಪ್ರಾಣಿ. ಮೊದಲು ಅವರು ದಾವಣಗೆರೆಯ ಸಗಟು ವ್ಯಾಪಾರಿಯನ್ನು ಅನುಮಾನಿಸಿದರು, ಮಾಲು ವಾಪಸು ಮಾಡಿದರು. ಆಮೇಲೆ ತಾವು ಬಳಸುವ ಸೋಪನ್ನು, ಆಮೇಲೆ ನಲ್ಲಿ ನೀರನ್ನು. ಬಸವಣ್ಣೆಮ್ಮನ ಮನೆಯ ಅರಿಶಿನದ ಮೇಲೂ ಸಂಶಯಪಟ್ಟರು. ಅಷ್ಟರಲ್ಲಿ ಅವರ ಎಡಗೈಯೇ ತುರಿಸತೊಡಗಿತು. ಚರ್ಮ ದಪ್ಪಗಾಗಿ ಕಪ್ಪು ತಿರುಗಿತು. ಅಲ್ಲಿಗೆ ಅವರಿಗೆ ಖಾತ್ರಿಯಾಯಿತು, ತಪ್ಪು ಬಳೆಯದೇ. ಜನ ಸುಳ್ಳು ಹೇಳಲಿಲ್ಲ, ನಾನೇ ವಿಷ ಹಂಚಿದೆ ಎಂದುಕೊಂಡು ಕಸುಬು ನಿಲ್ಲಿಸಿದರು. ಚೀಲ ಅಟ್ಟ ಸೇರಿತು.

ಹಫೀಜ್ ಬಲವಂತ ಮಾಡಿ ಚರ್ಮದ ವೈದ್ಯೆಯ ಬಳಿ ಕರೆದೊಯ್ದರು. ವೈದ್ಯೆ ಎಡಗೈ ನೋಡಿ, ಸೆರಗು ಸರಿಸಿ ಕತ್ತಿನ ಹಿಂಭಾಗ ನೋಡಿದರು. ಅಲ್ಲೂ ಅಂಥದ್ದೇ ಮಚ್ಚೆ. "ಕುತ್ತಿಗೆಗೂ ಬಳೆ ಹಾಕ್ಕೊಳ್ತೀರಾ?" ಎಂದು ಕೇಳಿದರಂತೆ. ಬಳೆ ತೆಗೆದ ಮೇಲೂ ಕೈಯ ತುರಿಕೆ ಹೆಚ್ಚುತ್ತಲೇ ಇರುವುದನ್ನು ತಿಳಿದು, ಈಚೆಗೆ ಏನು ಚಿಂತೆ, ನಿದ್ದೆ ಬರುತ್ತದೆಯೇ ಎಂದು ವಿಚಾರಿಸಿದರು. ಖುರ್ಷೀದ್ ಬೀ ಅವರನ್ನೂ ನಂಬಲಿಲ್ಲ. "ಮದ್ದು ಗೊತ್ತಾಗದಿದ್ರೆ ಡಾಕ್ಟ್ರು ಚಿಂತಿ ಅಂತಾರ, ಅನ್ಕಂಡೆ."

ನಂಬದ ನಾನೂ ಆ ವೈದ್ಯೆಯನ್ನು ಹುಡುಕಿಕೊಂಡು ಹೋಗಿದ್ದೇನೆ. ರೋಗಿಗಳ ಹೆಸರೆತ್ತದೆ ಅವರು ಹೇಳುವುದಿಷ್ಟು: ಚಿಂತೆಯಲ್ಲಿರುವವರು ತಮಗೆ ಗೊತ್ತಿಲ್ಲದೆ ಒಂದೇ ಜಾಗ ಕೆರೆಯುತ್ತಾರೆ. ಕೆರೆದಷ್ಟೂ ಚರ್ಮ ದಪ್ಪ, ದಪ್ಪವಾದಷ್ಟೂ ಕೆರೆತ. ಭಯ, ದುಃಖ ಒತ್ತಿ ಬಂದಾಗ ಕೆಲವರ ಮೈಮೇಲೆ ಗಂಧೆಯೂ ಏಳಬಹುದು. ಹಾಗೆಂದು ಪ್ರತಿಯೊಂದು ತುರಿಕೆಗೂ ಮನಸ್ಸೇ ಕಾರಣವೆಂದು ಬರೆದುಬಿಡಬೇಡಿ, ಬೇರೆ ಕಾರಣಗಳನ್ನು ಮೊದಲು ಪರೀಕ್ಷಿಸಬೇಕು ಎಂದು ಎಚ್ಚರಿಸುತ್ತಾರೆ. ಈ ಎಚ್ಚರಿಕೆಯಿಂದಾಗಿಯೇ ನನಗೆ ಅವರ ಮೇಲೆ ಕೊಂಚ ವಿಶ್ವಾಸ ಬಂದಿದೆ.

ಮುಲಾಮಿನಿಂದ ಖುರ್ಷೀದ್ ಬೀ ಕೈ ಅರ್ಧ ವಾಸಿಯಾದ ಹೊತ್ತಿಗೆ ಅವರ ಬಾಗಿಲಿಗೆ ಗಂಗಾಶ್ರೀಯೇ ಬಂದಳು. ಸ್ಕ್ಯಾನಿಂಗಿಗೆಂದು ಪೇಟೆಗೆ ಬಂದಿದ್ದ ಅವಳು ಮತ್ತೆ ಗರ್ಭಿಣಿ. ಮತ್ತೆ ಎಂಬುದು ಏಕೆಂದರೆ, ಆ ಪಂಚಮಿಗೂ ಕೆಲವು ತಿಂಗಳ ಮುಂಚೆ, ಸೀಮಂತವಾದ ಮೇಲೆ, ಅವಳ ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಅಂದಿನಿಂದ ಹಸಿರು ಬಳೆ ಕಂಡರೆ ಎದೆ ಡವಗುಟ್ಟುತ್ತದೆ, ಮೈ ಉರಿಯುತ್ತದೆ ಎಂದು ಅತ್ತಳು. ಬೇರೆ ಅಂಗಡಿಯ ಬಳೆ ಹಾಕಿದಾಗಲೂ ಗಂಧೆ ಬಂದಿತ್ತು. ಬಸವಣ್ಣೆಮ್ಮ ಆ ಅಂಗಡಿಯನ್ನೂ ಬೈದು ಸುಮ್ಮನಾಗಿದ್ದರು. ಮನೆಯಲ್ಲಿ ಇದನ್ನು ಹೇಳಬೇಡಿ ಎಂದು ಗಂಗಾಶ್ರೀ ಕೈಮುಗಿದಳು. ಹಸಿರು ಬಳೆಗೆ ಹೆದರುವ ಸೊಸೆ ಅಪಶಕುನ ಎಂದಾರು ಎಂಬ ಭಯ ಅವಳಿಗೆ.

ಖುರ್ಷೀದ್ ಬೀ ಹೇಳಲಿಲ್ಲ. ತಮ್ಮ ಹೆಸರಿಗೆ ಅಂಟಿದ ಕಳಂಕ ತೊಳೆದುಕೊಳ್ಳುವ ಮಾತು ಬಾಯಲ್ಲೇ ಇತ್ತು, ನುಂಗಿಕೊಂಡು ತಿಂಗಳುಗಟ್ಟಲೆ ಕಳೆದರು. ನನಗೂ ಹೇಳಿದ್ದು ಈ ತಿಂಗಳು ಉಡುತಡಿಯ ಬಸ್ಸು ಹತ್ತಿದ ಮೇಲೆ, ಯಾರಿಗೂ ಹೇಳಬೇಡಿ ಎಂದು. ಎಡಗೈಯ ಪರೀಕ್ಷೆ ಮತ್ತೆ ಶುರುವಾಗಿತ್ತು, ಆದರೆ ಕರೆಯುವವರು ಇರಲಿಲ್ಲ. ಈ ತಿಂಗಳು ಕರೆ ಬಂದದ್ದು ಉಡುತಡಿಯಿಂದಲೇ. ಸಣ್ಣದಾಗಿ ಬಳೆ ಶಾಸ್ತ್ರ. ಹಾಕಿಸಿಕೊಂಡರೆ ಬೂಬಮ್ಮನ ಕೈಯಿಂದಲೇ ಎಂದು ಗಂಗಾಶ್ರೀ ಹಠ ಹಿಡಿದಿದ್ದಳು; ಹಳ್ಳಿಗಳಲ್ಲಿ ಖುರ್ಷೀದ್ ಬೀಯನ್ನು ಕರೆಯುವುದು ಹಾಗೆಯೇ. ಏನೂ ಆಗುವುದಿಲ್ಲ ಎಂದು ಊರಿಗೆ ತೋರಿಸುವುದು ಅವಳ ಆಸೆ. ಬಸವಣ್ಣೆಮ್ಮನದು ಒಂದೇ ಷರತ್ತು, ಬಳೆಯನ್ನು ತಮ್ಮ ಮನೆಯ ನೀರಿನಲ್ಲಿ ತಮ್ಮ ಕಣ್ಣೆದುರು ತೊಳೆಯಬೇಕು.

ನಾನೂ ಜೊತೆಗೆ ಹೋಗಿದ್ದೇನೆ. ಪಡಸಾಲೆ ತುಂಬ ಹೆಂಗಸರು, ಎಲ್ಲರ ಕಣ್ಣು ಆ ಹುಡುಗಿಯ ಮುಂಗೈ ಮೇಲೆ. ಬಳೆ ತೊಳೆದಾಯಿತು. ಖುರ್ಷೀದ್ ಬೀ ಅವಳ ಕೈ ಹಿಡಿಯುತ್ತಾರೆ. ಕೈ ತಣ್ಣಗಿದೆ, ಬೆವರಿದೆ. ಬಳೆ ಇನ್ನೂ ಇವರ ಬೆರಳಲ್ಲೇ ಇದೆ, ಅಷ್ಟರಲ್ಲೇ ಹುಡುಗಿಯ ಕಿವಿಯ ಕೆಳಗೆ ಮೊದಲ ಗಂಧೆ ಏಳುತ್ತದೆ. ತೊಡಿಸಿದರೆ ಕೈ ಊದಿ ಬಳೆಗಾರ್ತಿ ಸಿಕ್ಕಿಬೀಳುತ್ತಾಳೆ. ತೊಡಿಸದಿದ್ದರೆ ಹೆದರಿದಳು ಎನ್ನುತ್ತಾರೆ. ಈಗಲಾದರೂ ಸತ್ಯ ಹೇಳಬಾರದೇ ಎಂದು ನನಗೆ ಸಿಟ್ಟು ಬರುತ್ತದೆ.

ಖುರ್ಷೀದ್ ಬೀ ಬಳೆಗಳನ್ನು ಬಟ್ಟೆಯ ಮೇಲೆ ಇಡುತ್ತಾರೆ. "ಇವತ್ತು ಬ್ಯಾಡ. ಕೂಸು ಮಡಿಲಿಗೆ ಬರ್ಲಿ, ಆಮ್ಯಾಲೆ ಹಾಕ್ತೀನಿ," ಎನ್ನುತ್ತಾರೆ. ಗುಸುಗುಸು ಏಳುತ್ತದೆ. ನೋಡಿದ್ಯಾ, ಅವಳದ್ದೇ ತಪ್ಪು ಅಂತ ಅವಳಿಗೇ ಗೊತ್ತು ಎಂದು ಹಿಂದಿನಿಂದ ಯಾರೋ ಅನ್ನುತ್ತಾರೆ.

ಆಗ ಗಂಗಾಶ್ರೀ ಬಾಯಿ ಬಿಡುತ್ತಾಳೆ. "ಬಳೆ ಇನ್ನೂ ಮುಟ್ಲೇ ಇಲ್ಲ ಅತ್ತೆ, ಗಂಧೆ ನೋಡಿ. ಆಸ್ಪತ್ರೇಲಿ ಸೀಮಂತದ ಹಸಿರು ಬಳೆ ಎಲ್ಲಾ ಬಿಚ್ಚಿಸಿದ್ರು, ಕೂಸು ಕೊಡ್ಲಿಲ್ಲ. ಆ ಕೂಸಿನ ಮಾತು ಈ ಮನೇಲಿ ಒಬ್ರೂ ಆಡ್ಲಿಲ್ಲ. ನಂಗೆ ಹೆದ್ರಿಕೆ ಆಗ್ತದೆ."

ಬಸವಣ್ಣೆಮ್ಮ ಸೊಸೆಯ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಳ್ಳುತ್ತಾರೆ. ಹೆಣ್ಣು ಕೂಸಾಗಿತ್ತು, ಮುಖ ನೋಡಿದ್ದು ನಾನೊಬ್ಬಳೇ, ಹೇಳಿದರೆ ನೀನು ತಡೆದುಕೊಳ್ಳಲಾರೆ ಎಂದು ಬಾಯಿ ಕಟ್ಟಿಕೊಂಡಿದ್ದೆ ಎನ್ನುತ್ತಾರೆ. ಅತ್ತೆ, ಸೊಸೆ ಇಬ್ಬರೂ ಅಳುತ್ತಾರೆ. ನನಗೂ ಅಳು ಬರುತ್ತದೆ, ಮುಚ್ಚಿಡುವುದೇನು.

ಅಷ್ಟಕ್ಕೇ ಗಂಧೆ ಮಾಯವಾಯಿತು ಎಂದು ಬರೆದರೆ ನೀವು ನಂಬಬೇಡಿ. ಸಂಜೆಯಾದರೂ ಅದು ಪೂರ್ತಿ ಇಳಿದಿರಲಿಲ್ಲ. ಮರುದಿನ ಬಸವಣ್ಣೆಮ್ಮನೇ ಸೊಸೆಯನ್ನು ವೈದ್ಯೆಯ ಬಳಿ ಕರೆದೊಯ್ದಿದ್ದಾರೆ. ನಮ್ಮ ಹೆಸರು ಹಾಕಿಯೇ ಬರೆಯಿರಿ ಎಂದು ಇಬ್ಬರೂ ಹೇಳಿದ್ದರಿಂದ ಇಷ್ಟು ಬರೆಯುತ್ತಿದ್ದೇನೆ.

ಅಂದು ಹೊರಡುವಾಗ ಬಸವಣ್ಣೆಮ್ಮ ಬಾಗಿಲವರೆಗೆ ಬರುತ್ತಾರೆ. ತಪ್ಪಾಯಿತು ಎನ್ನುವುದಿಲ್ಲ. ಬೀದಿಯ ಕಡೆ ನೋಡುತ್ತ, "ಕೂಸಿಗೆ ಕರಿಬಳಿ ನೀನೇ ಹಾಕ್ಬೇಕು ಬೂಬಮ್ಮ. ಈಗ್ಲೇ ತರಬ್ಯಾಡ, ಹೇಳಿ ಕಳಿಸ್ತೀನಿ," ಎಂದಷ್ಟೇ ಹೇಳಿ ಒಳಗೆ ಹೋಗುತ್ತಾರೆ.

ಬಸ್ಸಿಗೆ ಕಾಯುವಾಗ ನಾನು ಕೆಣಕುತ್ತೇನೆ. ಇಷ್ಟೆಲ್ಲ ಮಾಡಿದವರು ಒಂದು ಕ್ಷಮೆಯನ್ನಾದರೂ ಕೇಳಬೇಕಿತ್ತು, ನಾಳೆ ಮತ್ತೆ ತಿರುಗಿಬಿದ್ದರೆ ಏನು ಗತಿ ಎನ್ನುತ್ತೇನೆ. ಖುರ್ಷೀದ್ ಬೀ ಚೀಲವನ್ನು ಮಡಿಲಿಗೆ ಎಳೆದುಕೊಂಡು ನನ್ನ ಮುಖ ನೋಡುತ್ತಾರೆ.

"ಹಸಿ ಕೂಸಿನ ಕೈನ ಕಂಡೋರ ಕೈಗೆಲ್ಲ ಕೊಡಲ್ಲ ರೀ ಮೇಡಂ, ಯಾರೂ."