ಮರಳು ಬೀಳದ ಮೂಲೆ

ನಮ್ಮ ಮನೆಯಲ್ಲಿ ಮಣ್ಣು, ಹಸು, ಹೆಂಗಸು ಎಲ್ಲಕ್ಕೂ ಒಂದೇ ಬಗೆಯ ಮಾತು ನಡೆಯುತ್ತಿತ್ತು. ಮಳೆ ಬಿದ್ದು ನೆಲ ಬಿತ್ತನೆಗೆ ಹದವಾದರೆ ಬೆದೆ. ಹಸು ಹೋರಿಗಾಗಿ ಕೂಗಿದರೂ ಬೆದೆ. ರಾಗಿಯ ತೆನೆ ಎಲೆಯೊಳಗೇ ಉಬ್ಬಿಕೊಂಡಿದ್ದರೆ ಅದು ಹೊಡೆ. ಆಗ ಹೊಲ ಬಸುರಿಯೆಂದು ಬದುವಿನ ಮೇಲೆ ನಿಂತು ಮೊಸರನ್ನ ಎರಚುತ್ತಿದ್ದರು. ಫಲ ನಿಲ್ಲದ್ದು ಯಾವುದಾದರೂ ಗೊಡ್ಡು. ಈ ಕೊನೆಯ ಮಾತನ್ನು ನನ್ನ ಅತ್ತಿಗೆ ದಿನವೂ ಕೇಳುತ್ತಿದ್ದಳು.

ಅಣ್ಣ ಚಾಂಪಿಯನ್ ರೀಫ್ಸಿನಲ್ಲಿ ಚಿನ್ನದ ಗಣಿಗೆ ಇಳಿಯುತ್ತಿದ್ದ. ರಜೆ ಸಿಕ್ಕಾಗ ಕ್ಯಾಸಂಬಳ್ಳಿಯ ಪಕ್ಕದ ನಮ್ಮ ಹಳ್ಳಿಗೆ ಬರುತ್ತಿದ್ದ. ಮದುವೆಯಾಗಿ ಬಹಳ ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. "ಗೊಡ್ಡು ಅಸೂನಾದ್ರೆ ಸಂತೆಗೆ ಒಡ್ಕೊಂಡು ಓಗ್ಬೋದು, ಇವಳ್ನ ಎಲ್ಲಿಗೆ ಒಡ್ಕೊಂಡು ಓಗ್ಲಿ?" ಎಂದು ಅವ್ವ ಅವಳಿಗೆ ಕೇಳುವಂತೆಯೇ ಅನ್ನುತ್ತಿದ್ದಳು.

ನಾನು ಹೈಸ್ಕೂಲು ಮುಗಿಸಿ ಬಂದಿದ್ದೆ. ಪರಾಗ, ಸಾರಜನಕ, ಗರ್ಭಧಾರಣೆ ಎಂದು ಪುಸ್ತಕದ ಮಾತು ಉದುರಿಸುತ್ತಿದ್ದೆ. ಪ್ರತಿ ಬೇಸಗೆಯಲ್ಲೂ ಹೊಲಕ್ಕೆ ಕೆರೆಯ ಗೋಡುಮಣ್ಣು ಹೊಡೆಯುವುದು ರೂಢಿ. ಆ ವರ್ಷ ಕೆರೆಯ ನೀರು ಇಳಿಯಲಿಲ್ಲ, ಗೋಡು ಸಿಗಲಿಲ್ಲ. ಗಣಿಯ ಕಡೆ ಅದಿರು ಅರೆದು ಚಿನ್ನ ತೆಗೆದ ಮೇಲೆ ಸುರಿದ ಮರಳಿನ ಗುಡ್ಡಗಳಿದ್ದವು. ಆ ಮರಳೂ ಗೋಡಿನಷ್ಟೇ ನುಣುಪು. ಜಿಗಟು ಮಣ್ಣು ಸಡಿಲವಾಗುತ್ತದೆ ಎಂದು ಅಪ್ಪನನ್ನು ಒಪ್ಪಿಸಿ, ಗಾಡಿ ಕಟ್ಟಿ ತಂದು ಹರಡಿಸಿದೆ. ಚಿನ್ನ ತೆಗೆಯಲು ವಿಷ ಬೆರೆಸುತ್ತಾರೆಂದು ಕೇಳಿದ್ದೆ. ಮಳೆಗೆ ತೊಳೆದುಹೋಗಿರುತ್ತದೆ ಎಂದುಕೊಂಡೆ.

ಅಪ್ಪ ಒಂದು ಹಿಡಿ ಎತ್ತಿ, "ಏನ್ಲಾ ಇದು, ಗೋಡೋ, ಸುಡುಗಾಡು ಬೂದಿನೋ?" ಎಂದ.

ಅತ್ತಿಗೆ ಬುಟ್ಟಿ ಇಳಿಸಿ, ಅಪ್ಪ ಅತ್ತ ಹೋದ ಮೇಲೆ ನಕ್ಕಳು: "ಮೇಷ್ಟ್ರೇ, ನಿಮ್ ಪುಸ್ತಕ್ದಾಗೆ ನಂಗೂ ಏನಾನ ಗೊಬ್ಬರ ಬರ್ದವ್ರಾ, ನೋಡಿ."

ಕೂರಿಗೆಯ ಬಟ್ಟಲಿಗೆ ಮೊದಲ ಹಿಡಿ ಬೀಜ ಹಾಕಬೇಕಾದದ್ದು ಮಕ್ಕಳನ್ನು ಹೆತ್ತ ಕೈ. ಆ ಸಲ ಅವ್ವ ಚಳಿಜ್ವರದಲ್ಲಿ ಮಲಗಿದ್ದಳು, ಇತ್ತ ಬೆದೆ ಆರುತ್ತಿತ್ತು. ಅಪ್ಪ ಅತ್ತಿಗೆಯ ಕೈಯಲ್ಲೇ ಹಾಕಿಸಿದ. ಅವ್ವ ಹಾಸಿಗೆಯಿಂದಲೇ ರಂಪ ಮಾಡಿದಳು. ಅಪ್ಪ ತೀರ್ಮಾನ ಹೇಳಿದ: "ಒಲ ಒಡೆ ಕಟ್ಟಿದ್ರೆ ಇವಳು ಇರ್ಲಿ. ಇಲ್ಲಾಂದ್ರೆ ಇವಳಪ್ಪನ ಮನೆಗೆ ಬಿಟ್ಬಿಡಾನ. ದೊಡ್ಡೋನಿಗೆ ಬ್ಯಾರೆ ಎಣ್ಣು ನೋಡಾನ."

ಪೈರು ಗೇಣುದ್ದ ಬೆಳೆದು ಹಳದಿ ತಿರುಗಿ ನಿಂತುಬಿಟ್ಟಿತು. ಅತ್ತಿಗೆ ಬೆಳಿಗ್ಗೆ ಬೆಳಿಗ್ಗೆ ಹೋಗಿ ಸುಳಿಗಳನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದಳು. ಬದುವಿನಾಚೆ ಪಕ್ಕದವರ ರಾಗಿ ತೆನೆ ತೂಗಿತು.

ಒಂದು ದಿನ ಓಡಿಬಂದು ನನ್ನ ತೋಳು ಹಿಡಿದಳು. "ಬಡಗಣ ಮೂಲೆಯಾಗೆ ಒಡೆ ಕಟ್ಟೈತೆ ಮೇಷ್ಟ್ರೇ! ಮಾವನ್ನ ಕರ್ಕೊಂಬಂದು ತೋರ್ಸಿ." ಸೊಸೆ ಮಾವನೊಡನೆ ತಾನೇ ಮಾತಾಡುವಂತಿರಲಿಲ್ಲ.

ಹೋಗಿ ನೋಡಿದೆ. ಕೋಣೆಯಷ್ಟಗಲ ಕಪ್ಪು ಹಸಿರು ರಾಗಿ, ಉಬ್ಬಿದ ಹೊಡೆ. ಹರಡುತ್ತಾ ಅಲ್ಲಿಗೆ ಬರುವಷ್ಟರಲ್ಲಿ ನನ್ನ ಮರಳು ಮುಗಿದಿತ್ತು. ಬೀಜ ಅದೇ, ಕೈ ಅದೇ. ಅಪ್ಪ ಒಮ್ಮೆ ನೋಡಿದ್ದರೆ ಅವಳು ಉಳಿಯುತ್ತಿದ್ದಳು. ಹೊಲ ಕೆಡಿಸಿದವನು ಯಾರೆಂಬುದೂ ತಿಳಿಯುತ್ತಿತ್ತು. ನಾನು ಅಪ್ಪನನ್ನು ಕರೆಯಲಿಲ್ಲ. ಎತ್ತುಗಳನ್ನು ಬಿಚ್ಚಿ ಆ ಮೂಲೆಗೆ ಬಿಟ್ಟೆ. ಅವು ಬುಡದವರೆಗೆ ಮೇಯುವುದನ್ನು ನಿಂತು ನೋಡಿದೆ. ಹಗ್ಗ ಕಿತ್ತುಕೊಂಡು ನುಗ್ಗಿದವು ಎಂದು ಮನೆಯಲ್ಲಿ ಹೇಳಿದೆ.

ಅಣ್ಣನಿಗೆ ಎರಡನೆಯ ಹೆಂಡತಿಯಲ್ಲೂ ಮಕ್ಕಳಾಗಲಿಲ್ಲ. ಗಣಿಯ ಧೂಳಿಗೆ ಕೆಮ್ಮಿ ಕೆಮ್ಮಿ ಸತ್ತ. ಅತ್ತಿಗೆಯೂ ತವರಿನ ದನದ ಕೊಟ್ಟಿಗೆಯಲ್ಲೇ ತೀರಿಕೊಂಡಳಂತೆ. ನಾನು ನೋಡಲು ಹೋಗಲಿಲ್ಲ. ಈಗ ನಾನು ನಿಜ ಹೇಳಿದರೆ ಕೇಳಬೇಕಾದವರು ಯಾರೂ ಇಲ್ಲ. ಅದಕ್ಕೇ ಧೈರ್ಯ ಬಂದಿದೆಯೋ ಏನೋ.

ಆಗ ಅವಳನ್ನು ಬಂಗಾರಪೇಟೆಯ ಹತ್ತಿರದ ತವರಿಗೆ ಬಿಟ್ಟುಬರಲು ಅಪ್ಪ ಕಳಿಸಿದ್ದು ನನ್ನನ್ನೇ. ಅವಳ ಬಟ್ಟೆಗಂಟು ನನ್ನ ತಲೆಯ ಮೇಲಿತ್ತು. ಗಣಿಯ ಮರಳಿನ ಗುಡ್ಡ ಎದುರಾದಾಗ ಅತ್ತಿಗೆ ನಿಂತಳು. ಅದರ ಮೇಲೆ ಒಂದು ತುಂಬೆಗಿಡವೂ ಇರಲಿಲ್ಲ.

"ಇದ್ರ ಮ್ಯಾಲೆ ಯಾಕೆ ಏನೂ ಉಟ್ಟಲ್ಲ ಮೇಷ್ಟ್ರೇ?"

"ಗೊತ್ತಿಲ್ಲ ಅತ್ತಿಗೆ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಗಂಟನ್ನು ನನ್ನ ತಲೆಯಿಂದ ಇಳಿಸಿಕೊಂಡು ತಾನೇ ಹೊತ್ತು ಮುಂದೆ ನಡೆದಳು.